ಸೆನ್ಸಮ್ಮನ ಚಾಪೆ ಕೊಠಡಿ

ಯಲಹಂಕದ ಖಾಸಗಿ ಕಾಲೇಜೊಂದರ ಮೇಲ್ಮಹಡಿಯಲ್ಲಿರುವ ಜಪಾನೀ ಕಲೆಗಳ ಕೊಠಡಿಗೆ ಬೀಗ ಬಿದ್ದಾಗ ನಷ್ಟ ಅನುಭವಿಸಿದವಳು ಮಹಾದೇವಿ. ಬೀಗ ಹಾಕಿಸಿದ ಕಾರ್ಯದರ್ಶಿಗಳಿಗೆ ಏನೂ ಆಗಲಿಲ್ಲ. ಒಪ್ಪಿಗೆಯ ತಲೆಯಾಡಿಸಿದ ಆಡಳಿತ ಮಂಡಳಿಗೂ ಏನೂ ಆಗಲಿಲ್ಲ. ತುಮಕೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ, ನಾಗಸಂದ್ರದ ಪಿ.ಜಿ.ಯೊಂದರಲ್ಲಿ ಮೂವರು ಗೆಳತಿಯರೊಡನೆ ಒಂದೇ ಕೋಣೆಯಲ್ಲಿ ಬದುಕುವ, ಗದಗ ಕಡೆಯ ಮಹಾದೇವಿಗೆ ಆ ಕೊಠಡಿಯಲ್ಲಿ ಶನಿವಾರದ ತರಗತಿ ನಡೆಸುವ ಹಕ್ಕನ್ನು ಅವಳ ಗುರು ಎಲ್ಲರ ಕಣ್ಣೆದುರು ಒಪ್ಪಿಸಿದ್ದರು. ಗುರು ವಿಮಾನ ಹತ್ತಿದ ಮೇಲೆ ಕಾಲೇಜು ಅದನ್ನು ಕಿತ್ತುಕೊಂಡಿತು.

ನೋಡಿದಿರಾ, ಒಂದು ನೆನಪನ್ನು ಹೇಳಲು ಕುಳಿತರೂ ನನ್ನ ಲೇಖನಿ ಮೊದಲು ಆರೋಪಪಟ್ಟಿಯನ್ನೇ ಬರೆಯುತ್ತದೆ. ಇದು ಹಳೆಯ ಚಾಳಿ. ಕೆರೆಯಂಚಿನ ಒತ್ತುವರಿ, ತಳ್ಳುಗಾಡಿಯವರ ಎತ್ತಂಗಡಿ, ಪಾದಚಾರಿಗಳಿಗಿಲ್ಲದ ಪಾದಚಾರಿ ಮಾರ್ಗ, ಹೀಗೆ ಯಾವುದಾದರೊಂದು ಅನ್ಯಾಯಕ್ಕೆ ಹೆಸರು ಮತ್ತು ವಿಳಾಸ ಕೊಡದೆ ನನಗೆ ಬೆಳಗಿನ ಕಾಫಿ ಇಳಿಯುವುದಿಲ್ಲ. "ದೀಪ ಹಚ್ಚೇ ಅಂದ್ರೆ ಬೆಂಕಿಪೊಟ್ಟಣದ ಕಾರ್ಖಾನೇಲಿ ಮಕ್ಕಳನ್ನ ದುಡಿಸ್ತಾರೆ ಅಂತ ಭಾಷಣ ಶುರು ಮಾಡ್ತೀಯಲ್ಲ, ಅಷ್ಟರಲ್ಲಿ ದೇವರಿಗೇ ನಿದ್ದೆ ಬರುತ್ತೆ ಕಣೇ" ಎಂದು ನನ್ನ ತಾಯಿ ಎಷ್ಟೋ ಸಲ ಹೇಳಿದ್ದಾರೆ.

ಈ ನೆನಪನ್ನು ಎಬ್ಬಿಸಿದವರೂ ಅವರೇ. ಇಂದು ಬೆಳಿಗ್ಗೆ ಆರ್.ಟಿ. ನಗರದ ನಮ್ಮ ಅಡುಗೆಮನೆಗೆ ಹೋದರೆ, ಅಮ್ಮ ಬಿದಿರನ್ನು ಸಣ್ಣಗೆ ಸೀಳಿ ಕುಂಚದಂತೆ ಬಾಗಿಸಿದ ಒಂದು ಸಾಧನದಿಂದ ರಾಗಿಹಿಟ್ಟಿನ ಅಂಬಲಿಯನ್ನು ರಭಸವಾಗಿ ಕದಡುತ್ತಿದ್ದರು. ಅದು ಜಪಾನಿನ ಚಹಾ ಕಡೆಯುವ ಕುಂಚ. ಒಂದೇ ಬಿದಿರಿನ ತುಂಡನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ ಮಾಡುವಂಥದ್ದು. ಅದನ್ನು ಮಾಡುವ ಮನೆತನಗಳು ತಲೆತಲಾಂತರದಿಂದ ಅದೊಂದೇ ಕೆಲಸ ಮಾಡುತ್ತವೆ.

"ಅಮ್ಮಾ, ಅದು ಚಹಾದ ಕುಂಚ."

"ಗಂಟು ಒಂದೂ ಬಂದಿಲ್ಲ ನೋಡು. ನಿನ್ನ ಜಪಾನಿನೋರು ರಾಗಿ ಬೆಳೀತಿದ್ರೆ ಇನ್ನೂ ಮುಂದೆ ಬರ್ತಿದ್ರು."

ನಾನು ಪ್ರತಿಭಟಿಸಬೇಕಿತ್ತು. ಬಿಸಿ ಅಂಬಲಿ ಕುಡಿದೆ. ಕುಡಿಯುತ್ತಿದ್ದಂತೆ ಆ ಕುಂಚವನ್ನು ನನಗೆ ಕೊಟ್ಟ, ಮಹಾದೇವಿಯ ಗುರು, ಜಪಾನಿನ ಪ್ರೊಫೆಸರ್ ಸೆತ್ಸುಕೊ ನೆನಪಾದರು. ಅವರು ಇದನ್ನು ಕಂಡಿದ್ದರೆ ಬೇಸರಿಸುತ್ತಿರಲಿಲ್ಲ. ಮೊದಲು ಒಂದು ಲೋಟ ಕೇಳುತ್ತಿದ್ದರು, ಆಮೇಲೆ ಅಮ್ಮನ ಮಣಿಕಟ್ಟನ್ನು ತಿದ್ದುತ್ತಿದ್ದರು.

ಕಾಲೇಜು ಅವರನ್ನು ಕರೆಸಿಕೊಂಡದ್ದು ಕಲೆಯ ಮೇಲಿನ ಪ್ರೀತಿಯಿಂದೇನೂ ಅಲ್ಲ. ಜಪಾನಿನ ಕಂಪನಿಗಳಿಗೆ ಸೇರಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಷ್ಟು ಬಾಗಿ ನಮಸ್ಕರಿಸಬೇಕು, ಪರಿಚಯಪತ್ರವನ್ನು ಯಾವ ಕೈಯಲ್ಲಿ ಕೊಡಬೇಕು ಎಂಬಿಷ್ಟನ್ನು ಕಲಿಸಲು ಕರೆಸಿದ್ದರು. ಸೆತ್ಸುಕೊ ಅವರು ಅದನ್ನು ಮೊದಲ ವಾರದಲ್ಲೇ ಮುಗಿಸಿದರು. "ಬಾಗುವುದು ಸುಲಭ. ಕುಳಿತುಕೊಳ್ಳುವುದು ಕಷ್ಟ. ಅದನ್ನು ಕಲಿಯೋಣ" ಎಂದು, ತಾವು ಹಿಂದೆ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಕಲಿಸಿದ ಮೂರು ವಿದ್ಯೆಗಳನ್ನು, ಎಂದರೆ ಹೂವಿನ ಜೋಡಣೆ, ಕುಂಚದ ಬರಹ ಮತ್ತು ಚಹಾ ವಿಧಿಗಳನ್ನು ಕಲಿಸಲು ಶುರುಮಾಡಿದರು. ಮೇಲ್ಮಹಡಿಯ ಖಾಲಿ ಕೊಠಡಿಯೊಂದಕ್ಕೆ ತಮ್ಮ ಊರಿನಿಂದ ದಪ್ಪನೆಯ ಹುಲ್ಲುಚಾಪೆಗಳನ್ನು ತರಿಸಿ ಹಾಸಿದರು. ಒಳಗೆ ಕಾಲಿಟ್ಟರೆ ಹೊಸ ಹುಲ್ಲಿನ ಬಣವೆಯ ಪಕ್ಕ ನಿಂತಂತೆ ಘಮ. ಶನಿವಾರದ ತರಗತಿಯನ್ನು ಊರಿನ ಎಲ್ಲರಿಗೂ ತೆರೆದಿಟ್ಟರು. ಅದಕ್ಕಾಗಿ ಕಾಲೇಜಿನೊಡನೆ ಏನು ಹೋರಾಡಿದರೋ, ಹೇಳಿಕೊಳ್ಳಲಿಲ್ಲ.

ಅವರು ಕನ್ನಡವನ್ನು ಪುಸ್ತಕದಿಂದ ಕಲಿತವರು. ಹಾಗಾಗಿ ಅವರ ಬಾಯಲ್ಲಿ ಒಂದು ಪದವೂ ಮೊಟಕಾಗುತ್ತಿರಲಿಲ್ಲ. ಮೊದಲ ದಿನ ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಮುನಿರಾಜುವಿಗೆ ಕೈಮುಗಿದು, "ಮಹನೀಯರೇ, ತಮ್ಮ ಆರೋಗ್ಯ ಕುಶಲವಷ್ಟೆ?" ಎಂದು ಕೇಳಿದರಂತೆ. ಪಕ್ಕದ ಕೋಗಿಲು ಗ್ರಾಮದ ಹಳೆಯ ಮನೆತನದ ಮುನಿರಾಜುವನ್ನು ಅಲ್ಲಿಯವರೆಗೆ ಯಾರೂ ಮಹನೀಯರೇ ಎಂದಿರಲಿಲ್ಲ. "ಅಯಮ್ಮ ಬಾಯ್ ಬುಟ್ರೆ ನಾಟ್ಕದ ರಾಣಿ ರಂಗಕ್ಕೆ ಬಂದಂಗಾಯ್ತದೆ ಮೇಡಂ. ನಾನೂ ಎದೆ ಸೆಟೆಸ್ಕಂಡು ನಿಂತ್ಕಂಬುಟ್ಟೆ" ಎಂದು ಅವರು ನನಗೆ ಹೇಳಿದ್ದುಂಟು. ವಿದ್ಯಾರ್ಥಿಗಳು ಜಪಾನೀ ರೂಢಿಯಂತೆ ಗುರುವನ್ನು ಸೆನ್ಸೆ ಎಂದು ಕರೆಯುತ್ತಿದ್ದರು. ಮುನಿರಾಜು ಅದಕ್ಕೊಂದು ಅಮ್ಮನನ್ನು ಸೇರಿಸಿ ಸೆನ್ಸಮ್ಮ ಎಂದರು. ಆಮೇಲೆ ಇಡೀ ಕಾಲೇಜಿಗೆ ಅವರು ಸೆನ್ಸಮ್ಮನೇ.

ನಾನು ಅಲ್ಲಿಗೆ ಕಲಿಯಲೆಂದು ಹೋದವಳಲ್ಲ, ಕೂಗಲೆಂದು ಹೋದವಳು. ವಾಹನ ನಿಲುಗಡೆಗಾಗಿ ಕಾಲೇಜಿನವರು ಆವರಣದ ಹೊಂಗೆಮರಗಳನ್ನು ಕಡಿಸುತ್ತಿದ್ದರು. ನಾವು ಹತ್ತಾರು ಮಂದಿ ಫಲಕಗಳನ್ನು ಹಿಡಿದು ಗೇಟಿನ ಮುಂದೆ ನಿಂತಿದ್ದೆವು. ನಮ್ಮ ಘೋಷಣೆಗಳ ನಡುವೆ ಬೂದು ಬಣ್ಣದ ನಿಲುವಂಗಿ ತೊಟ್ಟ, ನನ್ನ ಭುಜದ ಎತ್ತರಕ್ಕಿದ್ದ ವೃದ್ಧೆಯೊಬ್ಬರು ಕಡಿದು ಬಿದ್ದ ಕೊಂಬೆಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ ನೋಡಿ, ಕೆಲವನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಆಡಳಿತ ಮಂಡಳಿಯ ಕಡೆಯವರು ಸಾಕ್ಷ್ಯ ಸಾಗಿಸುತ್ತಿದ್ದಾರೆಂದು ನನಗೆ ಖಚಿತವಾಯಿತು. ಅಡ್ಡಗಟ್ಟಿದೆ. ನನ್ನ ಪ್ರಶ್ನೆಗಳನ್ನೆಲ್ಲ ಸಾವಧಾನದಿಂದ ಕೇಳಿದ ಅವರು, ನನ್ನ ಕೈಯಲ್ಲಿದ್ದ ಫಲಕದ ಕೋಲನ್ನು ನೋಡುತ್ತ, "ಈ ಬಿದಿರು ಬಹಳ ಚೆನ್ನಾಗಿದೆ. ತಮ್ಮ ಪ್ರತಿಭಟನೆ ಮುಗಿದ ನಂತರ ಇದನ್ನು ನನಗೆ ಕೊಡುವಿರಾ?" ಎಂದರು.

ಪ್ರತಿಭಟನೆ ಮುಗಿಯಿತು, ಮರಗಳು ಅದಕ್ಕಿಂತ ಮೊದಲೇ ಮುಗಿದಿದ್ದವು. ಕೋಲನ್ನು ಒಪ್ಪಿಸಲು ಮಹಡಿ ಹತ್ತಿದೆ. ಕಡಿದ ಹೊಂಗೆಯ ಒಂದು ಕೊಂಬೆ, ಅದರ ತುದಿಯಲ್ಲಿ ಇನ್ನೂ ಬಾಡದ ಎಳೆಯ ಚಿಗುರು, ಕೆಳಗೆ ಒಂದು ಮಣ್ಣಿನ ತಟ್ಟೆ, ತಟ್ಟೆಯಲ್ಲಿ ನೀರು. ಅಷ್ಟೇ ಇತ್ತು. ಅಷ್ಟು ಹೊತ್ತು ಗಂಟಲು ಹರಿದುಕೊಂಡು ಹೇಳಿದ್ದೆಲ್ಲವನ್ನೂ ಆ ಕೊಂಬೆ ಬಾಯಿಬಿಡದೆ ಹೇಳುತ್ತಿತ್ತು. ನಾನು ಚಪ್ಪಲಿ ಬಿಚ್ಚಿ ಒಳಗೆ ಹೋದೆ.

ಒಳಗೆ ಹೋದವಳಿಗೆ ಮೊದಲ ಆಘಾತ ಕಾಲಿನದು. ನಾನು ಓದಿದ್ದು, ಹೆಬ್ಬಾಳದಾಚೆ ಇನ್ನೂ ಹೊಲಗಳೇ ಇದ್ದ ಕಾಲದ ಒಂದು ಪ್ರಗತಿಪರ ಶಾಲೆಯಲ್ಲಿ. ಅಲ್ಲಿ ಗಂಟೆಯಿರಲಿಲ್ಲ, ಬೆತ್ತವಿರಲಿಲ್ಲ, ಸಾಲಾಗಿ ಕೂರುವ ನಿಯಮವಿರಲಿಲ್ಲ. ಗಣಿತವನ್ನು ನೇರಳೆಮರದ ಮೇಲೆ ಕುಳಿತು ಕಲಿಯಬಹುದಿತ್ತು. ನಾನು ಹಾಗೆಯೇ ಕಲಿತೆ, ಆದ್ದರಿಂದಲೇ ನನಗೆ ನೇರಳೆಹಣ್ಣಿನ ಬಗ್ಗೆ ಸಾಕಷ್ಟು ಗೊತ್ತು. ಯಾವ ಹಿರಿಯರಾದರೂ ಏನಾದರೂ ಹೇಳಿದರೆ "ಯಾಕೆ?" ಎಂದು ಕೇಳುವುದು ಅಲ್ಲಿ ಹಕ್ಕು ಮಾತ್ರವಾಗಿರಲಿಲ್ಲ, ಮನೆಗೆಲಸವೂ ಆಗಿತ್ತು. ಊಟದ ಸಾಲಿನಲ್ಲಿ ಯಾರೋ ನುಗ್ಗಿದರೆ ಇಡೀ ಶಾಲೆ ಸಭೆ ಸೇರುತ್ತಿತ್ತು. ಸಭೆ ಮುಗಿಯುವ ಹೊತ್ತಿಗೆ ನ್ಯಾಯ ಸಿಕ್ಕಿರುತ್ತಿತ್ತು, ಸಾರು ಆರಿರುತ್ತಿತ್ತು. ಈಗಲೂ ಬಿಸಿ ಸಾರು ಕಂಡರೆ, ಎಲ್ಲೋ ಯಾರದೋ ಅಹವಾಲು ವಿಚಾರಣೆಯಾಗದೆ ಉಳಿದಿದೆ ಎಂದು ನನಗೆ ಅನುಮಾನ ಬರುತ್ತದೆ.

ಇಂಥ ನನಗೆ ಸೆನ್ಸಮ್ಮ ಮಂಡಿಯೂರಿ, ಹಿಮ್ಮಡಿಗಳ ಮೇಲೆ ಭಾರ ಬಿಟ್ಟು ಕೂರಲು ಹೇಳಿದರು.

"ಯಾಕೆ?" ಎಂದೆ.

"ಮೊದಲು ಕುಳಿತುಕೊಳ್ಳಿ. ಸ್ವಲ್ಪ ಸಮಯದ ನಂತರ ಪ್ರಶ್ನೆ ಉಳಿದಿದ್ದರೆ ಕೇಳಿ."

ಪ್ರಶ್ನೆ ಉಳಿಯಿತು, ಕಾಲುಗಳು ಉಳಿಯಲಿಲ್ಲ. ಚಕ್ಕಳಮಕ್ಕಳ ಹಾಕಿ ಬೆಳೆದ ನಾಡಿನವರ ಮೇಲೆ ಈ ಭಂಗಿಯನ್ನು ಹೇರುವುದರಲ್ಲಿ ಅಡಗಿರುವ ಸಾಂಸ್ಕೃತಿಕ ಯಜಮಾನಿಕೆಯನ್ನು ಕುರಿತು ಎರಡು ಮಾತು ಆಡುತ್ತಲೇ ಎದ್ದುನಿಂತೆ. ಎದ್ದೆನೆಂದುಕೊಂಡೆ, ಅಷ್ಟೇ. ಜೋಮು ಹಿಡಿದ ಪಾದಗಳು ನನ್ನವೆಂಬ ಸುಳಿವೇ ಇಲ್ಲದೆ ಪಕ್ಕದ ಹುಡುಗನ ಮೇಲೆ ಒರಗಿಬಿದ್ದೆ. ಹಿಂದಿನ ಸಾಲಿನಿಂದ ಪಿಸುಮಾತು ಕೇಳಿತು: "ಮಚ್ಚಾ, ಆಂಟಿ ಔಟ್ ಕಣೋ!" ಸೆನ್ಸಮ್ಮ ನನ್ನ ಕಾಲಿನ ಹೆಬ್ಬೆರಳನ್ನು ಹಿಡಿದು ಮಡಚಿ ಬಿಡಿಸುತ್ತ, "ಇದು ಯಜಮಾನಿಕೆಯಲ್ಲ, ಇದು ರಕ್ತಸಂಚಾರ" ಎಂದರು. ಆ ಒಂದು ವಾಕ್ಯವನ್ನು ಅವರು ಯಾವ ಪುಸ್ತಕದಿಂದ ಕಲಿತಿದ್ದರೋ ತಿಳಿಯದು.

ಮುಂದಿನ ಶನಿವಾರ ಹೂವಿನ ಪಾಠ. "ಎಲ್ಲರೂ ಹೂವುಗಳನ್ನು ತನ್ನಿ" ಎಂದಿದ್ದರು. ತಂದೆವು. ಕಾಲೇಜಿನ ಹುಡುಗರು, ಬ್ಯಾಟರಾಯನಪುರದ ಗೃಹಿಣಿಯರು, ಕಾರ್ಖಾನೆಯ ಹುಡುಗಿಯರು, ನಾನು, ಎಲ್ಲರೂ ತಂತಮ್ಮ ಚೀಲಗಳನ್ನು ಮುಂದಿಟ್ಟೆವು. ಸೆನ್ಸಮ್ಮ ಮೊದಲ ಚೀಲ ಬಿಚ್ಚಿದರು: ಕಾಲು ಕೆ.ಜಿ. ಬಿಡಿ ಸೇವಂತಿಗೆ. ಎರಡನೆಯದು: ಚೆಂಡುಹೂವು, ಅದೂ ಬಿಡಿ. ಮೂರನೆಯದು: ಎರಡು ಮೊಳ ಕನಕಾಂಬರದ ಮಾಲೆ, ಬಾಳೆನಾರಿನಲ್ಲಿ ಕಟ್ಟಿದ್ದು. ನನ್ನದು ಬಟನ್ ರೋಜಾ, ತೊಟ್ಟಿನ ಬುಡಕ್ಕೇ ಚಿವುಟಿದ್ದು. ಇಡೀ ತರಗತಿಯಲ್ಲಿ ಒಂದೇ ಒಂದು ಹೂವಿಗೂ ಕಾಂಡವಿರಲಿಲ್ಲ. ತಲೆಮಾರುಗಳಿಂದ ನಮಗೆ ಹೂವೆಂದರೆ ಕಟ್ಟುವಂಥದ್ದು, ಮುಡಿಯುವಂಥದ್ದು, ದೇವರ ಪಟಕ್ಕೆ ಏರಿಸುವಂಥದ್ದು. ಅದು ನಿಲ್ಲುವುದೂ ಉಂಟೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಸೆನ್ಸಮ್ಮ ಆ ರಾಶಿಯನ್ನು ಬಹಳ ಹೊತ್ತು ನೋಡಿ, ಅತ್ಯಂತ ಮೃದುವಾಗಿ ಕೇಳಿದರು: "ಇವರ ಕಾಲುಗಳು ಎಲ್ಲಿವೆ?"

ಆಗ ಬಾಗಿಲ ಬಳಿ ಕುಳಿತಿದ್ದ ತೆಳ್ಳನೆಯ ಹುಡುಗಿಯೊಬ್ಬಳು, "ನಿನ್ನೆ ಕೂತು ಕೂತು ನಮ್ಮ ಕಾಲ ಹ್ವಾದೂ ಅಂತ ಹೂವಿನ ಕಾಲನೂ ಬಿಟ್ಟು ಬಂದೇವ್ರಿ ಸೆನ್ಸಮ್ಮಾ" ಎಂದಳು. ಕೊಠಡಿಯೇ ಅಲ್ಲಾಡುವಂತೆ ಎಲ್ಲರೂ ನಕ್ಕರು. ಅರ್ಥವಾಗಲು ಒಂದು ಗಳಿಗೆ ತೆಗೆದುಕೊಂಡ ಸೆನ್ಸಮ್ಮ, ಬಾಯಿಗೆ ಕೈ ಅಡ್ಡವಿಟ್ಟು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು. ಹಿಂದಿನ ವಾರದ ಪಾಠವನ್ನು ನಿನ್ನೆ ಎಂದವಳೇ ಮಹಾದೇವಿ. ಅವಳ ಮಂಡಿಗಳಿಗೆ ಅದು ನಿನ್ನೆಯದೇ ಆಗಿತ್ತು.

ಆ ದಿನ ಸೆನ್ಸಮ್ಮ ಪಾಠವನ್ನು ನಿಲ್ಲಿಸಲಿಲ್ಲ. ಮಣ್ಣಿನ ತಟ್ಟೆಯ ನೀರಿನಲ್ಲಿ ಒಂದೇ ಒಂದು ಸೇವಂತಿಗೆಯನ್ನು ತೇಲಿಬಿಟ್ಟು, ಕನಕಾಂಬರದ ಮಾಲೆ ಕಟ್ಟಿದ ಗೃಹಿಣಿಗೆ, "ಈ ಗಂಟು ಹಾಕುವುದನ್ನು ನನಗೆ ಕಲಿಸಿಕೊಡಿ" ಎಂದು ಕೇಳಿ ವಿದ್ಯಾರ್ಥಿನಿಯಂತೆ ಎದುರು ಕುಳಿತರು. ಅವರಿಗೆ ಕೊನೆಯವರೆಗೂ ಬಿಗಿಯಾಗಿ ಮಾಲೆ ಕಟ್ಟಲು ಬರಲಿಲ್ಲ. ಹೂವುಗಳು ಒಂದನ್ನೊಂದು ಮುಟ್ಟದಂತೆ ನಡುವೆ ಜಾಗ ಬಿಡುತ್ತಿದ್ದರು. "ಸೆನ್ಸಮ್ಮ, ಇದನ್ನ ಮುಡ್ಕೊಂಡ್ರೆ ಮೊಳಕ್ಕೆ ಮೂರೇ ಹೂವು ಬರುತ್ತೆ ಕಣ್ರೀ" ಎಂದು ಆಕೆ ಗದರುತ್ತಿದ್ದರು.

ಮಹಾದೇವಿಯ ಶನಿವಾರ ನಾಗಸಂದ್ರದಲ್ಲಿ ಶುರುವಾಗುತ್ತಿತ್ತು. ಬೆಳಗಿನ ಪಾಳಿ ಮುಗಿಸಿ, ಯಶವಂತಪುರದವರೆಗೆ ಮೆಟ್ರೊ, ಅಲ್ಲಿಂದ ಯಲಹಂಕದ ಬಸ್ಸು. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವ ಕಲೆಯನ್ನು ಅವಳು ಯಾವ ಗುರುವಿಲ್ಲದೆ ಸಿದ್ಧಿಸಿಕೊಂಡಿದ್ದಳು. ಕಾರ್ಖಾನೆಯಲ್ಲಿ ಇಡೀ ದಿನ ಉಕ್ಕಿನ ಬಿಲ್ಲೆಗಳನ್ನು ಬೆಳಕಿಗೆ ಹಿಡಿದು, ದೋಷವಿದ್ದರೆ ಪಕ್ಕಕ್ಕೆಸೆಯುವ ಕೆಲಸ. "ಅಲ್ಲೆ ತಪ್ಪು ಹುಡಕೂದಕ್ಕ ಪಗಾರ ಕೊಡ್ತಾರ್ರಿ. ಇಲ್ಲೆ ಬಂದರ ಸೊಟ್ಟ ಟೊಂಗಿನ ಚಂದ ಅಂತಾರ. ತಲಿ ಹಗರ ಆಕ್ಕೈತ್ರಿ" ಎನ್ನುತ್ತಿದ್ದಳು. ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಕುಳಿತು ಕೆಲಸ ಮಾಡಲು ಕುರ್ಚಿಯಿಲ್ಲವೆಂಬುದು ಆಗಲೇ ನನಗೆ ತಿಳಿದದ್ದು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಇನ್ನು ಗಟ್ಟಿಚಹಾದ ಪ್ರಸಂಗವನ್ನು ಹೇಳದಿದ್ದರೆ ನಡೆಯದು. ಜಪಾನಿನ ಚಹಾ ವಿಧಿಯಲ್ಲಿ ಎರಡು ಬಗೆ. ತೆಳುಚಹಾವನ್ನು ಒಬ್ಬೊಬ್ಬರಿಗೆ ಒಂದೊಂದು ಬಟ್ಟಲಿನಲ್ಲಿ ಕೊಡುತ್ತಾರೆ. ಗಟ್ಟಿಚಹಾಕ್ಕೆ ಮಾತ್ರ ಎಲ್ಲ ಅತಿಥಿಗಳಿಗೂ ಸೇರಿ ಒಂದೇ ಬಟ್ಟಲು. ಮೊದಲನೆಯವರು ಕುಡಿದು, ತುಟಿ ತಾಗಿದ ಅಂಚನ್ನು ಒರೆಸಿ, ಪಕ್ಕದವರಿಗೆ ದಾಟಿಸಬೇಕು. ಇದನ್ನು ಸೆನ್ಸಮ್ಮ ವಿವರಿಸುತ್ತಿದ್ದಂತೆ ನನ್ನೊಳಗಿನ ಚಳವಳಿಗಾರ್ತಿ ಎದ್ದು ಕುಳಿತಳು. ಎಂಜಲೆಂಬ ಒಂದು ಪದದಿಂದ ಎಷ್ಟು ಜನರನ್ನು ಅಂಗಳದಾಚೆ ನಿಲ್ಲಿಸಿದ ದೇಶ ಇದು! ಬೇರೆ ಬೇರೆ ಜಾತಿ, ಊರು, ಮನೆಗಳ ನಾವು ಒಂದೇ ಬಟ್ಟಲಿಗೆ ತುಟಿಯಿಡುವುದು ಸಾಮಾನ್ಯ ಸಂಗತಿಯೇ? ಇದು ಸಹಪಾನ, ಇದು ಸಣ್ಣದೊಂದು ಕ್ರಾಂತಿ ಎಂದು ಬಟ್ಟಲು ಬರುವ ಮುನ್ನವೇ ಒಂದು ಪುಟ್ಟ ಭಾಷಣ ಮಾಡಿದೆ. ಹುಡುಗರು ಚಪ್ಪಾಳೆ ತಟ್ಟಿದರು.

ಬಟ್ಟಲು ಬಂತು. ಮೊದಲ ಅತಿಥಿ ನಾನೇ. ಎರಡೂ ಕೈಗಳಲ್ಲಿ ಗೌರವದಿಂದ ಹಿಡಿದೆ. ಬಾಗಿ ವಂದಿಸಿದೆ. ಆಮೇಲೆ, ಬಾಲ್ಯದಿಂದ ನೀರಿನ ಚೊಂಬಿಗೆ ಮಾಡುತ್ತ ಬಂದ ಅಭ್ಯಾಸದಂತೆ, ತಲೆ ಹಿಂದಕ್ಕೆ ಬಾಗಿಸಿ ಬಟ್ಟಲನ್ನು ಬಾಯಿಂದ ಗೇಣುದ್ದ ಮೇಲಕ್ಕೆತ್ತಿದೆ.

ಕೈ ತನ್ನಷ್ಟಕ್ಕೆ ಎತ್ತಿತು. ಬಾಯಿ ಕ್ರಾಂತಿಯ ಪರವಾಗಿತ್ತು, ಕೈ ಅಜ್ಜಿಯ ಪರವಾಗಿತ್ತು. ಗಟ್ಟಿಚಹಾ ನೀರಿನಂತೆ ಸುರಿಯುವ ಪದಾರ್ಥವಲ್ಲ. ಗೋಡೆಗೆ ಬಳಿಯುವ ಹಸಿರು ಬಣ್ಣದಷ್ಟು ಮಂದ. ಬಟ್ಟಲು ಓರೆಯಾದರೂ ಏನೂ ಬೀಳಲಿಲ್ಲ. ಇನ್ನಷ್ಟು ಓರೆ ಮಾಡಿದೆ. ಆಗಲೂ ಇಲ್ಲ. ಬಳಿಕ ಒಮ್ಮೆಗೇ ಎಲ್ಲವೂ ಬಂತು, ಮತ್ತು ಬಾಯಿಗೆ ಬರಲಿಲ್ಲ.

ನನ್ನ ಗಲ್ಲ, ಕತ್ತು, ಖಾದಿ ಕುರ್ತಾ ಎಲ್ಲ ಹಸಿರಾದವು. ಸೆನ್ಸಮ್ಮ ಮತ್ತೊಂದು ಬಟ್ಟಲು ಚಹಾ ಕಡೆದರು. ಅದನ್ನು ಪಡೆದ ನನ್ನ ಪಕ್ಕದ ಹುಡುಗ, ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದವನು, ಬಟ್ಟಲನ್ನು ಮತ್ತೆ ಎತ್ತಿಯೇ ಹಿಡಿದ! ಅವನ ಮೂಗು ಹಸಿರಾಯಿತು. "ಲೋ ಮಗಾ, ಇಳ್ಸೋ ಕೆಳಗೆ!" ಎಂದು ಗೆಳೆಯರು ಕೂಗಿದರೂ ಕೈ ಕೇಳಲಿಲ್ಲ. ಸೆನ್ಸಮ್ಮನ ಬೋಧನೆಯ ಜೀವನದಲ್ಲಿ, ಅವರು ಕಲಿಸಿದ ಯಾವ ದೇಶದಲ್ಲೂ, ಇಂಥ ಸಾಮೂಹಿಕ ಹಸಿರು ಸ್ನಾನ ನಡೆದಿರಲಿಲ್ಲವಂತೆ.

ಯಾಕೆ ಹೀಗೆ ಎಂದು ಅವರು ಕೇಳಿದರು. ಈ ಸಲ ಭಾಷಣ ಬರಲಿಲ್ಲ, ತಡವರಿಸುತ್ತ ವಿವರಿಸಿದೆ. ಅವರು ಬಟ್ಟಲನ್ನು ತೊಳೆದು ಒರೆಸುತ್ತ ಹೇಳಿದರು: "ನಮ್ಮ ದೇಶದಲ್ಲಿಯೂ ಕೆಲವರನ್ನು ಜೊತೆಗೆ ಕೂರಿಸದ ಕಾಲವಿತ್ತು. ಆ ಕಾಲ ಹೋಯಿತೆಂದು ಹೇಳುವವರು ಸಹ, ಮದುವೆಯ ಸಮಯದಲ್ಲಿ ಆ ಜನರ ಕೇರಿಯವರೇ ಎಂದು ತಿಳಿಯಲು ಊರಿನ ಹೆಸರನ್ನು ವಿಚಾರಿಸುತ್ತಾರೆ. ಬಟ್ಟಲು ಒಂದೇ ಇರುತ್ತದೆ. ಕೈಗಳಿಗೆ ನಿಧಾನವಾಗಿ ಗೊತ್ತಾಗುತ್ತದೆ." ಆಮೇಲೆ ಮತ್ತೆ ಚಹಾ ಕಡೆದು ಬಟ್ಟಲನ್ನು ಮಹಾದೇವಿಗೆ ಕೊಟ್ಟರು. ಅವಳು ತುಟಿಯಿಟ್ಟು ಕುಡಿದಳು, ಅಂಚು ಒರೆಸಿದಳು, ತಿರುಗಿಸಿ ನನಗೆ ಕೊಟ್ಟಳು. "ಪಿ.ಜಿ.ಯೊಳಗ ನಾಕ ಮಂದಿಗೆ ಒಂದ ಲೋಟ ಐತ್ರಿ ಮೇಡಂ. ಅದರಾಗ ದಿನಾ ಕುಡೀತೇವಿ. ಕ್ರಾಂತಿ ಆಗಾಕತ್ತೈತಿ ಅಂತ ನಮಗ ಯಾರೂ ಹೇಳೇ ಇಲ್ಲ ನೋಡ್ರಿ" ಎಂದಳು. ನಾನು ತುಟಿಯಿಟ್ಟು ಕುಡಿದೆ. ಹೇಳುವುದಾದರೆ, ರುಚಿ ಹಸಿ ಹುಲ್ಲಿನದು. ಅದನ್ನು ಮೆಚ್ಚಿಕೊಂಡೆನೆಂದು ಬಹಳ ಕಾಲ ನಟಿಸಿದೆ, ಆಮೇಲೆ ನಿಜಕ್ಕೂ ಮೆಚ್ಚಿದೆ.

ಹೀಗೆ ಶನಿವಾರಗಳು ಸಾಗಿದವು. ಹಲವರು ಬಂದರು, ಹೋದರು. ಎಂಜಿನಿಯರ್ ಹುಡುಗರು ಕೆಲಸ ಸಿಕ್ಕೊಡನೆ ಬರುವುದನ್ನು ನಿಲ್ಲಿಸಿದರು. ನನಗೆ ಮೆರವಣಿಗೆಗಳಿದ್ದ ಶನಿವಾರ ತಪ್ಪುತ್ತಿತ್ತು. ಮಹಾದೇವಿ ತಪ್ಪಿಸಲಿಲ್ಲ. ವರ್ಷಗಳು ಕಳೆದಂತೆ ಸೆನ್ಸಮ್ಮ ಅವಳನ್ನು ತಿದ್ದುವುದು ಕಡಿಮೆಯಾಯಿತು, ಬೈಯುವುದು ಹೆಚ್ಚಾಯಿತು. ಆ ವಿದ್ಯೆಯಲ್ಲಿ ಅದು ಬಡ್ತಿಯ ಲಕ್ಷಣ.

ಸೆನ್ಸಮ್ಮನಿಗೆ ವಯಸ್ಸಾಗಿತ್ತು, ಮಂಡಿಗಳು ಸೋತಿದ್ದವು. ಊರಿಗೆ ಮರಳುವ ಮುನ್ನದ ಕೊನೆಯ ಶನಿವಾರ ಕಾರ್ಯದರ್ಶಿಗಳನ್ನೂ ಆಹ್ವಾನಿಸಿದರು. ಅವರು ನೆಲದ ಮೇಲೆ ಕೂರಲಾರೆನೆಂದು ಕುರ್ಚಿ ತರಿಸಿಕೊಂಡು ಚಾಪೆಯ ಮೇಲೇ ಹಾಕಿಸಿದರು. ಅದರ ಕಾಲಿನ ಗುರುತು ಚಾಪೆಯ ಮೇಲೆ ಇಂದಿಗೂ ಇರಬೇಕು. ನಾವೆಲ್ಲ ಕುಳಿತೆವು. ಅಲ್ಲಿಯವರೆಗೆ ಯಾವಾಗಲೂ ಚಹಾ ಕಡೆಯುವವರ ಜಾಗದಲ್ಲಿ, ಕೆಂಡದ ಒಲೆಯ ಬಳಿ ಕೂರುತ್ತಿದ್ದ ಸೆನ್ಸಮ್ಮ ಅಂದು ಎದ್ದು, ಅತಿಥಿಗಳ ಸಾಲಿನ ಕಟ್ಟಕಡೆಗೆ ಬಂದು ಕುಳಿತರು. "ಮಹಾದೇವಿ ಸೆನ್ಸೆ, ನಮಗೆ ಒಂದು ಬಟ್ಟಲು ಚಹಾ ಕೊಡುವಿರಾ?" ಎಂದು ಬಾಗಿದರು.

ಗುರು ತನ್ನ ಜಾಗವನ್ನು ಬಿಟ್ಟು ಕಡೆಯ ಅತಿಥಿಯಾಗಿ ಕೂರುವುದು ಅವರ ಕೊಠಡಿಯ ರೀತಿ. ಅಲ್ಲಿಗೆ ಜಾಗ ಕೈಬದಲಾಯಿತೆಂದೇ ಅರ್ಥ. ಸೆನ್ಸಮ್ಮ ಇದನ್ನು ಕಾರ್ಯದರ್ಶಿಗಳಿಗೆ ತಮ್ಮ ಮೊಟಕಾಗದ ಕನ್ನಡದಲ್ಲಿ ಬಿಡಿಸಿ ಹೇಳಿದರು: "ಇನ್ನು ಮುಂದೆ ಶನಿವಾರದ ತರಗತಿಯನ್ನು ಇವರು ನಡೆಸುತ್ತಾರೆ. ಚಾಪೆಗಳು, ಬಟ್ಟಲುಗಳು ಇವರಿಗೆ ಸೇರಿದವು." ಕಾರ್ಯದರ್ಶಿಗಳು, "ವೆರಿ ಗುಡ್, ವೆರಿ ಗುಡ್" ಎನ್ನುತ್ತ ಚಹಾ ಕುಡಿದು ಎರಡನೆಯ ಬಟ್ಟಲು ಕೇಳಿದರು. ಮಹಾದೇವಿ ಅದನ್ನೂ ಕಡೆದು ಕೊಟ್ಟಳು. ಅವಳ ಕಣ್ಣಿನ ಬಗ್ಗೆ ಹೇಳಲಾರೆ, ಅವಳು ತಲೆ ಎತ್ತಲಿಲ್ಲ.

ಸೆನ್ಸಮ್ಮ ಹೊರಟ ವಾರವೇ ಕೊಠಡಿಗೆ ಬೀಗ ಬಿತ್ತು. ನಾನು ಕಾರ್ಯದರ್ಶಿಗಳ ಕಚೇರಿಗೆ ಹೋದೆ.

"ಅದು ಬೀಳ್ಕೊಡುಗೆ ಕಾರ್ಯಕ್ರಮ ಅಲ್ವಾ ಮೇಡಂ?" ಎಂದರು ಅವರು. "ವಯಸ್ಸಾದೋರು, ಪ್ರೀತಿಗೆ ಏನೋ ಹೇಳಿದ್ರು. ಜಪಾನೀ ಆರ್ಟ್ ಕಲಿಸೋಕೆ ಜಪಾನಿನವ್ರೇ ಬೇಕಲ್ವಾ? ಬ್ರೋಷರಿಗೆ ಯಾರ ಫೋಟೋ ಹಾಕೋಣ ಹೇಳಿ?"

"ನಿಮ್ಮಲ್ಲಿ ಇಂಗ್ಲಿಷ್ ಕಲಿಸುವವರೆಲ್ಲ ಲಂಡನ್ನಿನಿಂದ ಬಂದವರೇ ಸರ್?"

"ಅದು ಬೇರೆ, ಇದು ಬೇರೆ. ಆ ಹುಡುಗಿ ಫ್ಯಾಕ್ಟರೀಲಿ ಕೆಲಸ ಮಾಡೋದಂತೆ. ಪೇರೆಂಟ್ಸ್ ಏನಂತಾರೆ?"

ಇಲ್ಲಿರುವ ಅನ್ಯಾಯಗಳನ್ನು ಒಂದೊಂದಾಗಿ ಹೆಸರಿಸುತ್ತೇನೆ. ಚರ್ಮದ ಬಣ್ಣವನ್ನು ಅರ್ಹತೆಯೆಂದು ಎಣಿಸಿದ್ದು ಒಂದು. ಕೈಕೆಲಸದವಳು ಕೈಯ ಕಲೆಯನ್ನು ಕಲಿಸಲಾರಳೆಂದು ಭಾವಿಸಿದ್ದು ಮತ್ತೊಂದು. ಗುರುವಿನ ಮಾತಿಗೆ ಚಹಾ ಕುಡಿಯುವಷ್ಟು ಹೊತ್ತು ಒಪ್ಪಿ, ಆಮೇಲೆ ಅದನ್ನು ಮುದುಕಿಯ ಮಮತೆಯೆಂದು ತಳ್ಳಿಹಾಕಿದ್ದು ಎಲ್ಲಕ್ಕಿಂತ ದೊಡ್ಡದು.

ಈ ತಿಂಗಳ ಮೊದಲ ವಾರ ಸೆನ್ಸಮ್ಮ ತಮ್ಮ ಊರಿನಲ್ಲಿ ತೀರಿಕೊಂಡರು. ಅವರ ಸೋದರ ಸೊಸೆ ಮಹಾದೇವಿಗೆ ಫೋನ್ ಮಾಡಿ ತಿಳಿಸಿದರು. ಕಾಲೇಜು ಗೇಟಿಗೆ ದೊಡ್ಡದೊಂದು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿತು. ಸೆನ್ಸಮ್ಮನ ಮುಖಕ್ಕಿಂತ ಆಡಳಿತ ಮಂಡಳಿಯವರ ಮುಖಗಳು ಹೆಚ್ಚು ಸ್ಪಷ್ಟವಾಗಿದ್ದವು. ಆ ಶನಿವಾರ ಮಹಾದೇವಿ ತನ್ನ ಗುರುವಿನ ಹೆಸರಿನಲ್ಲಿ ಒಂದು ಬಟ್ಟಲು ಚಹಾ ಕಡೆಯಲು ಕೊಠಡಿ ತೆರೆಯಿರೆಂದು ಕೇಳಿದಳು. ಅನುಮತಿ ಸಿಗಲಿಲ್ಲ.

ಅವಳು ಮುಚ್ಚಿದ ಬಾಗಿಲ ಮುಂದೆ, ಮೊಸಾಯಿಕ್ ನೆಲದ ಮೇಲೆ ಮಂಡಿಯೂರಿ ಕುಳಿತಳು. ಮುನಿರಾಜು ತಮ್ಮ ಕ್ಯಾಬಿನ್ನಿನ ಫ್ಲಾಸ್ಕಿನಲ್ಲಿ ಬಿಸಿನೀರು ತಂದರು. ಬಟ್ಟಲುಗಳು ಒಳಗಿದ್ದುದರಿಂದ ಪಿ.ಜಿ.ಯ ಸ್ಟೀಲ್ ಲೋಟ. ಅವಳು ಚೀಲದಿಂದ ಚಹಾಪುಡಿ, ಕುಂಚ ತೆಗೆದು ಕಡೆದಳು, ಬಾಗಿಲ ಕಡೆಗೆ ಲೋಟವನ್ನಿಟ್ಟು ಬಾಗಿದಳು, ಸ್ವಲ್ಪ ಹೊತ್ತು ಕಾದಳು. ಬಳಿಕ ಅದನ್ನು ಜೊತೆಗೆ ಹೋಗಿದ್ದ ನನಗೂ ಮುನಿರಾಜುವಿಗೂ ಕೊಟ್ಟಳು.

"ಇದ್ಯಾಕ್ ಇಂಗೆ ಕಯ್ಯಿ ಐತೆ ಮಗಾ" ಎಂದರು ಮುನಿರಾಜು, ಮುಖ ಹಿಂಡಿ. ಆದರೂ ತುಟಿಯಿಟ್ಟು ಪೂರ್ತಿ ಕುಡಿದರು. "ಆವಮ್ಮ ಇದ್ನೇ ಕುಡ್ಕಂಡು ಅಷ್ಟು ಸಿಹಿಯಾಗ್ ಮಾತಾಡ್ತಿದ್ದಳಲ್ಲಾ!"

ಮೆಟ್ಟಿಲಿಳಿಯುವಾಗ ಮಹಾದೇವಿ ಹೇಳಿದಳು: "ಫ್ಯಾಕ್ಟರಿಯವರು ಹೊಸೂರಿಗೆ ವರ್ಗಾ ಮಾಡ್ತೇವಿ ಅಂದಾರ್ರಿ ಮೇಡಂ. ಈ ತಿಂಗಳ ಕಡೀಕ ಹೂಂ ಅನಬೇಕು, ಇಲ್ಲಾ ಉಹೂಂ ಅನಬೇಕು. ಕಲಸಾಕ ಈ ಜಾಗಾ ಇದ್ದರ ನಾ ಬ್ಯಾರೆ ಕೆಲಸ ಹುಡುಕ್ಕೊಂಡು ಇಲ್ಲೇ ಇರ್ತೇನ್ರಿ. ಇಲ್ಲಂದರ ಅಲ್ಲಿ ಹೋಗಿ ಬಿಲ್ಲಿ ನೋಡ್ಕೋತ ಕುಂತರಾತು. ಕುಂತು ಅಂದೆನಾ? ನಿಂತು ನೋಡ್ರಿ, ನಿಂತು." ನಗುತ್ತಲೇ ಹೇಳಿದಳು. ಬಸ್ಸು ಬಂತು, ಹತ್ತಿದಳು.

ಆದ್ದರಿಂದ ಕಾರ್ಯದರ್ಶಿಗಳೇ, ಆಡಳಿತ ಮಂಡಳಿಯ ಮಾನ್ಯ ಸದಸ್ಯರೇ, ನಿಮ್ಮ ಮುಂದೆ ನನ್ನ ಬೇಡಿಕೆ ಇದು. ಶನಿವಾರದ ತರಗತಿಗೆ ಮಹಾದೇವಿಯನ್ನು ಬೋಧಕಿಯೆಂದು ನೇಮಿಸಿ. ಸ್ವಯಂಸೇವಕಿ, ಸಹಾಯಕಿ ಎಂಬ ಜಾರಿಕೊಳ್ಳುವ ಹೆಸರುಗಳು ಬೇಡ. ನಿಮ್ಮ ಇತರ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಬಳ ಕೊಡಿ. ಆ ತರಗತಿ ಎಲ್ಲರಿಗೂ ತೆರೆದೇ ಇರಲಿ. ಬ್ರೋಷರಿನಲ್ಲಿ ಅವಳ ಫೋಟೋವನ್ನೇ ಹಾಕಿ, ಕೆಳಗೆ ಅವಳ ಹೆಸರನ್ನು ಪೂರ್ತಿಯಾಗಿ ಮುದ್ರಿಸಿ. ಅವಳು ಹೊಸೂರಿಗೆ ಉತ್ತರ ಕೊಡಬೇಕಾದ ದಿನ ಈ ತಿಂಗಳ ಕೊನೆಯದು. ಅದಕ್ಕಿಂತ ಮುಂಚೆ, ಮುಂದಿನ ಶನಿವಾರ ಮಧ್ಯಾಹ್ನ, ಆ ಕೊಠಡಿಯ ಕೀಲಿಯನ್ನು ಕೊಡಿ. ನನ್ನ ಕೈಗೆ ಬೇಡ, ಮುನಿರಾಜುವಿನ ಕೈಗೂ ಬೇಡ. ಮಹಾದೇವಿಯ ಕೈಗೆ ಕೊಡಿ.